ತನ್ನ ವೀರಗಲ್ಲನ್ನು ತಾನೇ ಕಡೆದ ಸೇನಾನಿ: ಜನರಲ್ ಮಾರ್ಬೋನ ಆತ್ಮಕಥನ

ಫ್ರಾನ್ಸ್ ದೇಶದ ಸೇನಾನಿ ಬಾರನ್ ಮಾರ್ಸೆಲಾನ್ ದ ಮಾರ್ಬೋ ಬರೆದಿಟ್ಟ ಸ್ಮೃತಿಗಳು 1891ರಲ್ಲಿ ಪ್ಯಾರಿಸ್ ನಗರದಲ್ಲಿ ಮೂರು ಸಂಪುಟಗಳಾಗಿ ಅಚ್ಚಾದಾಗ ಅವನು ಗತಿಸಿ 37 ವರ್ಷಗಳಾಗಿದ್ದವು. ಮರುವರ್ಷವೇ ಆರ್ಥರ್ ಜಾನ್ ಬಟ್ಲರ್ ಎಂಬವರ ಇಂಗ್ಲಿಷ್ ಅನುವಾದ ಹೊರಬಂದಿತು. ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್ ಅದನ್ನೋದಿ ಮರುಳಾಗಿ, 1894ರಿಂದ ಬ್ರಿಗೇಡಿಯರ್ ಜೆರಾರ್ಡ್ ಎಂಬ ಬಡಾಯಿಯ ಫ್ರೆಂಚ್ ಸವಾರನ ಕತೆಗಳನ್ನು ಬರೆಯತೊಡಗಿದನು. ಆ ಕತೆಗಳಿಂದ ಮಾರ್ಬೋನಿಗೆ ಕೀರ್ತಿಯೂ ಬಂದಿತು, ಅಪಕೀರ್ತಿಯೂ ಬಂದಿತು. ಕತೆಯ ಜೆರಾರ್ಡ್ ನಗೆಪಾಟಲಿನ ಮನುಷ್ಯನಾದ್ದರಿಂದ ಮೂಲಪುರುಷನೂ ಹಾಗೆಯೇ ಇದ್ದನೆಂದು ಓದುಗರು ಭಾವಿಸಿಬಿಟ್ಟರು. ಅಂದಿನಿಂದ ಈ ಗ್ರಂಥಕ್ಕೆ ಎರಡು ಬಗೆಯ ಓದುಗರು. ಪ್ರತಿಯೊಂದು ಪುಟವನ್ನೂ ವೇದವಾಕ್ಯವೆಂದು ನಂಬುವವರು ಒಂದೆಡೆ. ಎಲ್ಲವೂ ಮುದುಕನ ಬೊಗಳೆಯೆಂದು ಪಕ್ಕಕ್ಕಿಡುವವರು ಇನ್ನೊಂದೆಡೆ. ಇಬ್ಬರೂ ಈ ಪುಸ್ತಕಕ್ಕೆ ಅನ್ಯಾಯ ಮಾಡಿದ್ದಾರೆಂಬುದು ನನ್ನ ಅಭಿಪ್ರಾಯ. ಅದರಲ್ಲಿಯೂ ಎರಡನೆಯವರು ಮಾಡಿರುವ ಅನ್ಯಾಯವೇ ಹೆಚ್ಚಿನದು.

ಮಾರ್ಬೋ ಹುಟ್ಟಿದ್ದು 1782ರಲ್ಲಿ, ನೈಋತ್ಯ ಫ್ರಾನ್ಸಿನ ಆಲ್ತಿಯಾಕ್ ಎಂಬ ಗ್ರಾಮದಲ್ಲಿ. ತಂದೆಯೂ ಸೇನಾಪತಿಯೇ. ಮಹಾಕ್ರಾಂತಿಯ ಗೊಂದಲದ ವರ್ಷಗಳಲ್ಲಿ ಹುಡುಗನನ್ನು ಎಲ್ಲಿಡುವುದೆಂದು ತೋಚದೆ ಮನೆಯವರು ಅವನನ್ನು ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಬಿಟ್ಟಿದ್ದರು. ಮುಂದೆ ಯುರೋಪಿನ ಅರ್ಧ ಭಾಗದಲ್ಲಿ ಕತ್ತಿ ಬೀಸಿದವನು ಅಕ್ಷರ ಕಲಿತದ್ದು ಬಾಲಕಿಯರ ನಡುವೆ! ಅದನ್ನು ಅವನು ಯಾವ ಸಂಕೋಚವೂ ಇಲ್ಲದೆ ಬರೆಯುತ್ತಾನೆ. 1799ರಲ್ಲಿ, 17ರ ಹರೆಯದಲ್ಲಿ, ಹುಸಾರ್ ಅಶ್ವದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದನು. ಹುಸಾರ್ ಸವಾರರಿಗೆಲ್ಲ ಮೀಸೆಯಿರಬೇಕು, ಇವನಿಗಿನ್ನೂ ಮೊಳೆತಿಲ್ಲ. ದಳದ ಹಿರಿಯ ಸಾರ್ಜೆಂಟ್ ಇವನ ಮುಖದ ಮೇಲೆ ಕಪ್ಪು ಮೇಣದಿಂದ ಮೀಸೆ ಬರೆದನಂತೆ. ಬಿಸಿಲಿಗೆ ಮೇಣ ಒಣಗಿ ಚರ್ಮವನ್ನೆಲ್ಲ ಹಿಂಡಿತಂತೆ. ಮರುವರ್ಷವೇ ಈ ನಗೆ ಮಾಯವಾಗುತ್ತದೆ. 1800ರ ಜಿನೋವಾ ಮುತ್ತಿಗೆಯಲ್ಲಿ ಹಸಿವೂ ರೋಗವೂ ನಗರವನ್ನು ತಿಂದುಹಾಕುತ್ತಿರುವಾಗ ತಂದೆ ತೀರಿಕೊಳ್ಳುತ್ತಾನೆ. ಹದಿನೇಳರ ಹುಡುಗ ಪರದೇಶದಲ್ಲಿ ಒಂಟಿಯಾಗಿ ನಿಲ್ಲುತ್ತಾನೆ. (ಅದೇ 1800ನೆಯ ಇಸವಿಯಲ್ಲಿ ನಿಜಾಮನು ನಮ್ಮ ಆದವಾನಿ, ರಾಯದುರ್ಗದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟು ನಾವೆಲ್ಲ ‘ದತ್ತ ಮಂಡಲ’ದವರಾದೆವು. ಇತಿಹಾಸವನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಇಂತಹ ಹೊಂದಾಣಿಕೆಗಳು ಕಣ್ಣಿಗೆ ಬೀಳುತ್ತವೆ.)

ಮುಂದಿನ ವೃತ್ತಿಜೀವನವನ್ನು ಚುಟುಕಾಗಿ ಹೇಳಬಹುದು. ಸೇನಾಪತಿಯ ಆಜ್ಞೆಯನ್ನು ರಣರಂಗದ ಮೂಲೆಮೂಲೆಗೆ ಹೊತ್ತೊಯ್ಯುವ, ಎಡಿಸಿ ಎಂದು ನಾವು ಕರೆಯುವ ಸಹಾಯಕ ಅಧಿಕಾರಿಯಾಗಿ ಅವನು ಆಜೆರೋ, ಲಾನ್, ಮಸ್ಸೇನಾ ಎಂಬ ಮೂವರು ಮಾರ್ಷಲ್‌ಗಳ ಬಳಿ ದುಡಿದನು. ಆಸ್ಟರ್‌ಲಿಟ್ಜ್, ಐಲಾವ್, ಸ್ಪೇನ್, ಡ್ಯಾನ್ಯೂಬ್ ತೀರ, ಪೋರ್ಚುಗಲ್, ರಷ್ಯಾ, ಲೈಪ್‌ಜಿಗ್, ವಾಟರ್ಲೂ ಎಲ್ಲೆಡೆಯೂ ಇದ್ದನು. ಹಲವು ಕಡೆ ಗಾಯಗೊಂಡನು. ನೆಪೋಲಿಯನ್ನನ ಪತನಾನಂತರ 1819ರವರೆಗೆ ದೇಶಭ್ರಷ್ಟನಾಗಿದ್ದನು. ಇಷ್ಟೆಲ್ಲ ಕಾದಾಡಿದವನಿಗೆ ಜನರಲ್ ಪದವಿ ದಕ್ಕಿದ್ದು ಮಾತ್ರ 1830ರ ಕ್ರಾಂತಿಯ ನಂತರ, ಲೂಯಿ ಫಿಲಿಪ್ ಅರಸನ ಕಾಲದಲ್ಲಿ! 1848ರಲ್ಲಿ ನಿವೃತ್ತಿ, 1854ರಲ್ಲಿ ಮರಣ.

ಅವನ ಬರವಣಿಗೆಯ ಸತ್ವವನ್ನು ಕಾಣಬೇಕಾದರೆ 1807ರ ಫೆಬ್ರವರಿ 8ರ ಐಲಾವ್ ಯುದ್ಧದ ಅಧ್ಯಾಯವನ್ನು ಓದಬೇಕು. ಹಿಮ ಸುರಿಯುತ್ತಿದೆ. ಆಜೆರೋನ ಸೈನ್ಯ ದಿಕ್ಕುಗಾಣದೆ ರಷ್ಯನ್ ಫಿರಂಗಿಗಳ ಬಾಯಿಗೆ ಹೋಗಿ ನುಚ್ಚುನೂರಾಗಿದೆ. 14ನೆಯ ಕಾಲ್ದಳದ ರೆಜಿಮೆಂಟ್ ಒಂದು ದಿಬ್ಬದ ಮೇಲೆ ಸುತ್ತುವರಿಯಲ್ಪಟ್ಟು ನಿಂತಿದೆ. ಹಿಂದಿರುಗಿರೆಂಬ ಆಜ್ಞೆಯನ್ನು ಅವರಿಗೆ ಮುಟ್ಟಿಸಲು ಒಬ್ಬರ ಹಿಂದೊಬ್ಬರಂತೆ ಹೋದ ಇಬ್ಬರು ಅಧಿಕಾರಿಗಳು ಮರಳಲಿಲ್ಲ. ಮೂರನೆಯ ಸರದಿ ಮಾರ್ಬೋನದು. ಅವನ ಕುದುರೆ ಲಿಸೆಟ್ ಒಂದು ವಿಲಕ್ಷಣ ಪ್ರಾಣಿ. ಓಟದಲ್ಲಿ ಸಾಟಿಯಿಲ್ಲ, ಆದರೆ ಮನುಷ್ಯರನ್ನು ಕಚ್ಚುವ ದುರಭ್ಯಾಸ. ಬೆಂಕಿಯಿಂದ ಆಗಷ್ಟೇ ತೆಗೆದ ಸುಡುಸುಡುವ ಮಾಂಸದ ತೊಡೆಯನ್ನು ಅದರ ಬಾಯಿಗಿತ್ತು ಆ ಚಟ ಬಿಡಿಸಿದ ಪ್ರಸಂಗವನ್ನು ಅವನು ಮೊದಲೇ ಹೇಳಿರುತ್ತಾನೆ. ಮಾರ್ಬೋ ಕತ್ತಿಯನ್ನು ಹಿರಿಯುವುದಿಲ್ಲ. ಕಾದಾಡಿದರೆ ತಡವಾಗುತ್ತದೆ, ತಡವಾದರೆ ಸಾವು. ಆದುದರಿಂದ ಕುದುರೆಯ ಕಾಲನ್ನೇ ನಂಬಿ ಶತ್ರುಗಳ ನಡುವೆ ಬಾಣದಂತೆ ಹಾಯುತ್ತಾನೆ. ದಿಬ್ಬವನ್ನು ತಲುಪಿದಾಗ ಅಲ್ಲಿನ ದಳನಾಯಕ ಶಾಂತನಾಗಿ ಹೇಳುವುದಿಷ್ಟೇ: ನಾವು ಉಳಿಯುವ ದಾರಿಯಿಲ್ಲ, ನಮ್ಮ ಹದ್ದಿನ ಲಾಂಛನವನ್ನಾದರೂ ಚಕ್ರವರ್ತಿಗೆ ತಲುಪಿಸು. ಲಾಂಛನವನ್ನು ಕೋಲಿನಿಂದ ಮುರಿದುಕೊಳ್ಳಲು ಮಾರ್ಬೋ ಮುಂದಕ್ಕೆ ಬಾಗಿದ ಕ್ಷಣದಲ್ಲಿ ಫಿರಂಗಿಯ ಗುಂಡೊಂದು ಅವನ ಟೋಪಿಯ ಹಿಂಬದಿಯನ್ನು ತೂರಿಕೊಂಡು ಹೋಗುತ್ತದೆ. ಕಿವಿ ಮೂಗುಗಳಿಂದ ರಕ್ತ. ಕೈಕಾಲು ಆಡದು. ಆದರೆ ಕಣ್ಣು ಕಾಣುತ್ತಿದೆ, ಕಿವಿ ಕೇಳುತ್ತಿದೆ, ಬುದ್ಧಿ ಎಚ್ಚರವಾಗಿದೆ.

ಈ ಸ್ಥಿತಿಯಲ್ಲಿ ಕುದುರೆಯ ಮೇಲೆ ಕಲ್ಲಿನಂತೆ ಕುಳಿತು ಅವನು ತನ್ನ ಸುತ್ತ ಒಂದು ರೆಜಿಮೆಂಟ್ ಸಾಯುವುದನ್ನು ನೋಡುತ್ತಾನೆ. ರಷ್ಯನ್ ಸಿಪಾಯಿಯ ಬಯೊನೆಟ್ ತೊಡೆಗೆ ನಾಟಿದಾಗ ಲಿಸೆಟ್‌ನ ಹಳೆಯ ಸ್ವಭಾವ ಹೆಡೆಯೆತ್ತುತ್ತದೆ. ಆ ಸಿಪಾಯಿಯ ಮುಖವನ್ನು ಕಚ್ಚಿ ಹರಿದು, ಗುಂಪನ್ನು ಸೀಳಿಕೊಂಡು, ಸವಾರನನ್ನು ಹೊತ್ತು ಓಡಿ ಕೊನೆಗೆ ಹಿಮದಲ್ಲಿ ಕುಸಿಯುತ್ತದೆ. ಸತ್ತನೆಂದು ಬಗೆದು ಅವನ ಬಟ್ಟೆಯನ್ನು ಸುಲಿಯುವವನು ಶತ್ರುವಲ್ಲ, ಫ್ರೆಂಚ್ ಸೈನ್ಯದ್ದೇ ಆಳು. ಸುಲಿಗೆಯಾದ ಆ ಅಂಗಿಯನ್ನು ಆಜೆರೋನ ಸೇವಕನೊಬ್ಬ ಗುರುತಿಸಿದ್ದರಿಂದಲೇ ಮಾರ್ಬೋ ಬದುಕುತ್ತಾನೆ.

ಇದು ನಂಬತಕ್ಕದ್ದೆ? ಕುದುರೆ ಮಾಡಿದ ಪರಾಕ್ರಮದಲ್ಲಿ ಒಂದಿಷ್ಟು ಬಣ್ಣ ಕೂಡಿರಬಹುದು. ಆದರೆ ಗಮನಿಸಬೇಕಾದ ಅಂಶ ಬೇರೆ. ಈ ಅಧ್ಯಾಯದಲ್ಲಿ ಕಥಾನಾಯಕನು ಮಾಡಿದ್ದೇನು? ಆಜ್ಞೆಯನ್ನು ಮುಟ್ಟಿಸಿದನು, ಅದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ. ಲಾಂಛನವನ್ನು ತರಲಾಗಲಿಲ್ಲ. ಒಬ್ಬ ಶತ್ರುವನ್ನೂ ಕೊಲ್ಲಲಿಲ್ಲ. ಬೆತ್ತಲಾಗಿ ಹಿಮದಲ್ಲಿ ಬಿದ್ದಿದ್ದನು. ಬಡಾಯಿಕೋರನು ತನ್ನನ್ನು ಇಷ್ಟು ನಿರುಪಯೋಗಿಯಾಗಿ ಚಿತ್ರಿಸಿಕೊಳ್ಳುವುದಿಲ್ಲ. ಐಲಾವ್ ಅಧ್ಯಾಯ ನನಗೆ ನಂಬುವಂತೆ ತೋರುವುದು ಅದರ ಈ ಅಸಹಾಯಕತೆಯಿಂದ.

ಇದಕ್ಕೆ ವಿರುದ್ಧವಾದುದು ಆಸ್ಟರ್‌ಲಿಟ್ಜ್ ಅಧ್ಯಾಯ. 1805ರ ಡಿಸೆಂಬರ್ 2ರಂದು ಸೋತೋಡುತ್ತಿದ್ದ ರಷ್ಯನ್ನರು ಹೆಪ್ಪುಗಟ್ಟಿದ ಕೆರೆಯ ಮೇಲೆ ಹಾಯುವಾಗ ನೆಪೋಲಿಯನ್ ಮಂಜುಗಡ್ಡೆಗೆ ಗುಂಡು ಹೊಡೆಸಿದನೆಂದೂ ಸಾವಿರಾರು ಮಂದಿ ಮುಳುಗಿಹೋದರೆಂದೂ ಮಾರ್ಬೋ ಬರೆಯುತ್ತಾನೆ. ಯುದ್ಧಾನಂತರ ಆ ಕೆರೆಗಳ ನೀರನ್ನು ಹೊರಬಿಟ್ಟು ನೋಡಿದಾಗ ಸಿಕ್ಕಿದ್ದು ಫಿರಂಗಿಗಳು, ಕುದುರೆಗಳ ಕಳೇಬರಗಳು ಮತ್ತು ಬೆರಳೆಣಿಕೆಯ ಮನುಷ್ಯರ ಶವಗಳು. ಸೈನ್ಯದಲ್ಲಿ ಹರಡಿದ ಮಾತನ್ನೇ, ಚಕ್ರವರ್ತಿಯ ಪ್ರಕಟಣೆಗಳು ಬೆಳೆಸಿದ ಮಾತನ್ನೇ, ಅವನು ಕಣ್ಣಾರೆ ಕಂಡಂತೆ ಬರೆದಿದ್ದಾನೆ. ಅಲ್ಲಿಗೂ ನಿಲ್ಲದೆ, ಮರುದಿನ ಗಾಯಗೊಂಡ ರಷ್ಯನ್ ಸಾರ್ಜೆಂಟ್ ಒಬ್ಬನು ತೇಲುವ ಮಂಜಿನ ಹಾಸಿನ ಮೇಲೆ ಗೋಳಿಡುತ್ತಿರಲು, ತಾನು ಬೆತ್ತಲೆಯಾಗಿ ಹೆಪ್ಪುಗಟ್ಟುವ ನೀರಿಗಿಳಿದು, ಇನ್ನೊಬ್ಬ ಅಧಿಕಾರಿಯ ನೆರವಿನಿಂದ ಅವನನ್ನು ದಡಕ್ಕೆ ತಂದೆನೆಂದು ಹೇಳುತ್ತಾನೆ. ದಡದ ಮೇಲೆ ನಿಂತು ನೋಡುತ್ತಿದ್ದವನು ಸ್ವತಃ ನೆಪೋಲಿಯನ್.

ಮಾರ್ಬೋನನ್ನು ಓದುವವರಿಗೆ ನಾನು ಸೂಚಿಸುವ ಒರೆಗಲ್ಲು ಇದೇ. ಚಕ್ರವರ್ತಿ ದಡದ ಮೇಲೆ ನಿಂತಿದ್ದಾನೆಯೆ, ನೋಡಿ. ನಿಂತಿದ್ದರೆ ಎಚ್ಚರಗೊಳ್ಳಿ. 1809ರಲ್ಲಿ ಮೆಲ್ಕ್ ಎಂಬಲ್ಲಿ ನೆರೆಬಂದ ಡ್ಯಾನ್ಯೂಬ್ ನದಿಯನ್ನು ರಾತ್ರಿ ದೋಣಿಯಲ್ಲಿ ದಾಟಿ ಆಸ್ಟ್ರಿಯನ್ ಸೈನಿಕರನ್ನು ಸೆರೆಹಿಡಿದು ತಂದ ಕತೆಯಲ್ಲಿಯೂ ಅವನನ್ನು ಕಳುಹಿಸುವವನು ಮತ್ತು ಕಾಯುತ್ತ ಕುಳಿತವನು ನೆಪೋಲಿಯನ್ನನೇ. ಅದು ಅದ್ಭುತವಾಗಿ ಹೆಣೆದ ಕತೆ. ರಾತ್ರಿಯ ಪ್ರವಾಹದಲ್ಲಿ ತೇಲಿಬರುವ ಮರಗಳ ಭಯವನ್ನು ಓದುಗನೂ ಅನುಭವಿಸುತ್ತಾನೆ. ಆದರೆ ಅದರಲ್ಲಿ ಎಲ್ಲವೂ ಅತಿ ಸಮರ್ಪಕವಾಗಿ ಕೂಡಿಬರುತ್ತದೆ. 1813ರ ಲೈಪ್‌ಜಿಗ್ ಯುದ್ಧದಲ್ಲಿ ತನ್ನ ಸವಾರರು ರಷ್ಯದ ಜಾರ್ ಮತ್ತು ಪ್ರಷ್ಯದ ಅರಸನನ್ನೇ ಸೆರೆಹಿಡಿಯುವುದರಲ್ಲಿದ್ದರು, ಒಬ್ಬ ಸವಾರನು ಅವಸರಪಟ್ಟು ಗುಂಡು ಹಾರಿಸಿದ್ದರಿಂದ ಕೆಲಸ ಕೆಟ್ಟಿತು ಎನ್ನುತ್ತಾನೆ. ಅಲ್ಲಿ ನೆಪೋಲಿಯನ್ ಎದುರಿಗಿಲ್ಲ, ನಿಜ. ಆದರೆ ಯುರೋಪಿನ ಇತಿಹಾಸವೇ ಅವನ ಒಬ್ಬ ಸವಾರನ ಬೆರಳಿನ ಮೇಲೆ ನಿಂತಿದೆ. ಅದೂ ಚಕ್ರವರ್ತಿಯ ಸಮ್ಮುಖಕ್ಕೆ ಸಮಾನವಾದದ್ದೇ.

ನಮ್ಮ ಸೀಮೆಯ ಊರೂರಿನ ಹೊರವಲಯದಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ. ಕಾಳಗದ ದೃಶ್ಯದಲ್ಲಿ ವೀರನು ಆಳೆತ್ತರವಾಗಿಯೂ ಶತ್ರುಗಳು ಗೇಣುದ್ದವಾಗಿಯೂ ಇರುವುದುಂಟು. ಅದನ್ನು ನೋಡಿ ಶಿಲ್ಪಿ ಸುಳ್ಳು ಹೇಳಿದನೆಂದು ಯಾರೂ ದೂರುವುದಿಲ್ಲ. ಆ ಕಲ್ಲು ಹೇಳಹೊರಟದ್ದು ಅಳತೆಯನ್ನಲ್ಲ. ಆದರೆ ಅದೇ ಕಲ್ಲಿನಲ್ಲಿ ಆ ಕಾಲದ ಕತ್ತಿ ಹೇಗಿತ್ತು, ಗುರಾಣಿಯ ಆಕಾರವೇನು, ಹರಿದುಕೊಂಡು ಹೋದ ತುರುಗಳೆಂಥವು ಎಂಬುದೆಲ್ಲ ಸತ್ಯವಾಗಿಯೇ ಮೂಡಿರುತ್ತದೆ. ಮಾರ್ಬೋನ ಗ್ರಂಥವೂ ಒಂದು ವೀರಗಲ್ಲು. ವ್ಯತ್ಯಾಸವಿಷ್ಟೇ: ಇಲ್ಲಿ ವೀರನು ಬದುಕುಳಿದು, ಮುಪ್ಪಾಗಿ, ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳನ್ನು ಉದ್ದೇಶಿಸಿ, ತನ್ನ ಕಲ್ಲನ್ನು ತಾನೇ ಕಡೆದುಕೊಂಡಿದ್ದಾನೆ. ಮೇಲಿನ ಪಟ್ಟಿಕೆಯಲ್ಲಿ ಶಿವನ ಸ್ಥಾನದಲ್ಲಿ ನೆಪೋಲಿಯನ್ ಕುಳಿತಿದ್ದಾನೆ.

ಆ ದೈವದಿಂದ ಅವನಿಗೆ ವರವೂ ದೊರೆತಿತ್ತು. ರೋನ್ಯಾ ಎಂಬ ಸೇನಾಪತಿ ಯುದ್ಧಕಲೆಯ ಬಗ್ಗೆ ಬರೆದ ಗ್ರಂಥವನ್ನು ಖಂಡಿಸಿ ಮಾರ್ಬೋ 1820ರಲ್ಲಿ ಒಂದು ವಿಮರ್ಶಾಕೃತಿಯನ್ನು ಪ್ರಕಟಿಸಿದನು. ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಾಗಿದ್ದ ನೆಪೋಲಿಯನ್ ಅದರಿಂದ ಸಂತುಷ್ಟನಾಗಿ, ತನ್ನ ಮರಣಶಾಸನದಲ್ಲಿ ಅವನಿಗೆ 1,00,000 ಫ್ರಾಂಕುಗಳನ್ನು ಬರೆದು, ಫ್ರೆಂಚ್ ಸೈನ್ಯದ ಕೀರ್ತಿಯನ್ನು ಕಾಪಾಡುವ ಬರವಣಿಗೆಯನ್ನು ಮುಂದುವರಿಸಬೇಕೆಂದು ಸೂಚಿಸಿದನು. ಲೇಖನಿಗೆ ಮುಂಗಡ ಸಂಭಾವನೆ ಪಡೆದ ಲೇಖಕನೆಂಬುದನ್ನು ಓದುಗನು ಮರೆಯಕೂಡದು.

ಹೀಗಿದ್ದೂ ಅವನು ಬರಿಯ ವಂದಿಮಾಗಧನಾಗಲಿಲ್ಲ ಎಂಬುದರಲ್ಲಿಯೇ ಈ ಗ್ರಂಥದ ಬೆಲೆಯಿದೆ. 1810ರಲ್ಲಿ ಪೋರ್ಚುಗಲ್ಲಿಗೆ ನುಗ್ಗಿದ ಮಾರ್ಷಲ್ ಮಸ್ಸೇನಾ ಪ್ರೇಯಸಿಯನ್ನು ಸೈನಿಕ ವೇಷದಲ್ಲಿ ಜೊತೆಗೆ ಕರೆದೊಯ್ದದ್ದನ್ನೂ, ಅವಳ ಅನುಕೂಲಕ್ಕಾಗಿ ಕಾರ್ಯಾಚರಣೆ ಕುಂಟಿದ್ದನ್ನೂ ಬಿಚ್ಚಿ ಹೇಳುತ್ತಾನೆ. ಬುಸಾಕೋ ಬೆಟ್ಟದಲ್ಲಿ ಆದ ಸೋಲು, ಟೋರೆಸ್ ವೆದ್ರಾಸ್ ಕೋಟೆಸಾಲಿನ ಮುಂದೆ ಸೈನ್ಯ ಹಸಿದು ನಿಂತದ್ದು ಇವೆಲ್ಲಕ್ಕೂ ಸೇನಾಪತಿಗಳ ಪರಸ್ಪರ ಮತ್ಸರವೇ ಕಾರಣವೆಂಬುದು ಅವನ ತೀರ್ಪು. ಎಲ್ಲ ಹೊಣೆಯನ್ನೂ ಒಬ್ಬ ಹೆಂಗಸಿನ ಮೇಲೆ ಹೊರಿಸುವಾಗ ಅವನ ನ್ಯಾಯಬುದ್ಧಿ ಸಡಿಲಾಗುತ್ತದೆಂದು ನನಗೆ ತೋರುತ್ತದೆ. ಹಸಿವು ಬಂದದ್ದು ಎದುರಾಳಿಯ ಲೆಕ್ಕಾಚಾರದಿಂದ. ಆ ಎದುರಾಳಿ ನಮಗೆ ಅಪರಿಚಿತನಲ್ಲ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡವನೂ, 1800ರ ಸೆಪ್ಟೆಂಬರಿನಲ್ಲಿ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯಾ ವಾಘನನ್ನು ಕೊನೆಗಾಣಿಸಿದವನೂ ಆದ ಆರ್ಥರ್ ವೆಲ್ಲೆಸ್ಲಿಯೇ ವೆಲಿಂಗ್ಟನ್. ಸೈನ್ಯವು ಹೊಟ್ಟೆಯ ಮೇಲೆ ನಡೆಯುತ್ತದೆಂಬ ಪಾಠವನ್ನು ಅವನು ಕಲಿತದ್ದು ಮೈಸೂರಿನ ಎತ್ತುಗಳ ಹಿಂದೆ ನಡೆದು. ಸ್ಪೇನಿನಲ್ಲಿ ಅಮೃತಮಹಲ್ ಎತ್ತುಗಳಿಲ್ಲವಲ್ಲ ಎಂದು ಅವನು ಹಲುಬಿದನೆಂದು ಹೇಳುವುದುಂಟು. ಮಾರ್ಬೋನಿಗೆ ಇದಾವುದೂ ತಿಳಿದಿರಲಿಲ್ಲ.

ಲಾನ್ ಎಂಬ ಮಾರ್ಷಲ್‌ನ ಮರಣವನ್ನು ಕುರಿತ ಪುಟಗಳು ಇನ್ನೊಂದು ಬಗೆಯವು. 1809ರ ಮೇ 22ರಂದು ಎಸ್ಲಿಂಗ್ ಯುದ್ಧದಲ್ಲಿ ಗುಂಡು ತಗುಲಿ, ವೈದ್ಯ ಲಾರೇ ಕಾಲನ್ನು ಕತ್ತರಿಸಿದ ಮೇಲೂ ಉಳಿಯದೆ, ಲಾನ್ 31ರಂದು ತೀರಿಕೊಂಡನು. ತಾನೇ ಗಾಯಗೊಂಡಿದ್ದ ಮಾರ್ಬೋ ಅಷ್ಟೂ ದಿನ ಪಕ್ಕದಲ್ಲಿದ್ದನು. ಸಾಯುವ ಮುನ್ನ ಲಾನ್ ನೆಪೋಲಿಯನ್ನನ ಮಹತ್ವಾಕಾಂಕ್ಷೆಯನ್ನು ಮುಖಕ್ಕೆ ಹೊಡೆದಂತೆ ನಿಂದಿಸಿದನೆಂಬ ಮಾತು ಹಬ್ಬಿತ್ತು. ಅದನ್ನು ಮಾರ್ಬೋ ಖಂಡತುಂಡವಾಗಿ ಅಲ್ಲಗಳೆಯುತ್ತಾನೆ. ಅವನ ಸಾಕ್ಷ್ಯಕ್ಕೆ ತೂಕವಿದೆ, ಏಕೆಂದರೆ ಅವನು ಅಲ್ಲಿದ್ದನು. ಅವನ ಸಾಕ್ಷ್ಯಕ್ಕೆ ಅನುಮಾನವೂ ಇದೆ, ಏಕೆಂದರೆ ಅವನು ನೆಪೋಲಿಯನ್ನನ ಉಪ್ಪುಂಡವನು. ಆದರೆ ಸಾಯುತ್ತಿರುವ ಒಡೆಯನ ತಲೆಯನ್ನು ತನ್ನ ಮೈಗೆ ಆನಿಸಿಕೊಂಡು ಕುಳಿತ ವಿವರಗಳಲ್ಲಿ ಅಲಂಕಾರವೇ ಇಲ್ಲ. ಬೊಗಳೆಯ ಮಾರ್ಬೋ ಅಲ್ಲಿ ಕಾಣುವುದಿಲ್ಲ.

ಇಡೀ ಗ್ರಂಥದಲ್ಲಿ ನನ್ನನ್ನು ಬಹುವಾಗಿ ತಡೆದು ನಿಲ್ಲಿಸಿದ್ದು 1808ರ ಮದ್ರಿದ್ ಪ್ರಸಂಗ. ಮೇ 2ರಂದು ಆ ನಗರದ ಜನ ಫ್ರೆಂಚ್ ಸೈನ್ಯದ ವಿರುದ್ಧ ಕೈಗೆ ಸಿಕ್ಕಿದ್ದನ್ನು ಹಿಡಿದು ದಂಗೆಯೆದ್ದರು. ದಂಗೆಯನ್ನು ರಕ್ತದಲ್ಲಿ ಅದ್ದಿದ ಮ್ಯೂರಾನ ಪರಿವಾರದಲ್ಲಿ ಮಾರ್ಬೋ ಇದ್ದನು, ಬೀದಿಯಲ್ಲಿ ಕಾದಾಡಿದನು. ಮರುದಿನದ ಗುಂಡಿಕ್ಕುವಿಕೆಯನ್ನು ಸ್ಪೇನಿನ ಮಹಾಚಿತ್ರಕಾರ ಗೋಯಾ 1814ರಲ್ಲಿ ಚಿತ್ರಿಸಿದನು. ಕೈಗಳನ್ನು ಮೇಲೆತ್ತಿ ನಿಂತ ಬಿಳಿ ಅಂಗಿಯವನನ್ನು ಪಠ್ಯಪುಸ್ತಕಗಳಲ್ಲಿ ನೀವು ನೋಡಿರಬಹುದು. ಆ ಚಿತ್ರದಲ್ಲಿ ಗುಂಡು ಹಾರಿಸುವವರಿಗೆ ಮುಖವಿಲ್ಲ, ಬೆನ್ನು ಮಾತ್ರ ಇದೆ. ಆ ಬೆನ್ನುಗಳ ಸೈನ್ಯಕ್ಕೆ ಸೇರಿದ ಮಾರ್ಬೋ ತನ್ನ ಅಂತರಂಗವನ್ನು ತೆರೆದು ಹೇಳುತ್ತಾನೆ: ಸೈನ್ಯದ ಮೇಲೆ ಕೈಮಾಡಿದವರೊಡನೆ ಕಾದಾಡುವುದು ಸೈನಿಕನಾಗಿ ನನ್ನ ಕರ್ತವ್ಯವಾಗಿತ್ತು, ಆದರೆ ನಮ್ಮ ಪಕ್ಷ ಅನ್ಯಾಯದ್ದೆಂದೂ, ಮಿತ್ರರ ವೇಷದಲ್ಲಿ ಬಂದು ತಮ್ಮ ದೊರೆಯನ್ನು ಪದಚ್ಯುತಗೊಳಿಸಿದ ಪರಕೀಯರನ್ನು ಹೊರಗಟ್ಟಲು ಹೊರಟ ಸ್ಪೇನಿನವರೇ ಸರಿಯೆಂದೂ ನನ್ನ ಮನಸ್ಸಾಕ್ಷಿ ನುಡಿಯುತ್ತಿತ್ತು. ಇದು ಅವನ ಮಾತಿನ ಸಾರ.

ಕನ್ನಡದ ಓದುಗನಿಗೆ ಇಲ್ಲಿ ಪಂಪನ ಕರ್ಣನು ನೆನಪಾಗದಿರನು. ಉಂಡ ಅನ್ನದ ಋಣಕ್ಕೆ ಪ್ರಾಣ ಕೊಡುವ ಧರ್ಮಕ್ಕೆ ನಮ್ಮ ಹಳಗನ್ನಡ ಜೋಳವಾಳಿ ಎಂಬ ಸೊಗಸಾದ ಹೆಸರಿಟ್ಟಿದೆ. ಒಡೆಯನ ಪಕ್ಷ ಸೋಲುವುದೆಂದೂ ಅದು ಧರ್ಮದ ಪಕ್ಷವಲ್ಲವೆಂದೂ ಬಲ್ಲ ಕರ್ಣನು ಅಲ್ಲಿಯೇ ನಿಲ್ಲುತ್ತಾನೆ. ಆದರೆ ಹೋಲಿಕೆಯನ್ನು ಒಂದು ಗೆರೆಯಿಂದಾಚೆಗೆ ಎಳೆಯಲಾಗದು. ಕರ್ಣನು ಆ ನಿಲುವಿಗೆ ಬೆಲೆ ತೆತ್ತನು. ಒಳಗಿನ ಬಿರುಕೇ ಅವನ ಕತೆಯಾಯಿತು. ಮಾರ್ಬೋ ಒಂದು ಪುಟದಲ್ಲಿ ಇದನ್ನು ನುಡಿದು, ಮುಂದಿನ ವರ್ಷ ಸಾರಾಗೋಸಾ ನಗರದ ಮುತ್ತಿಗೆಗೆ ಹೊರಡುತ್ತಾನೆ; ಅಲ್ಲಿ ತಾನು ಪಟ್ಟ ಗಾಯದ ನೋವನ್ನು ಸವಿಸ್ತಾರವಾಗಿ ವರ್ಣಿಸುತ್ತಾನೆ, ಮನೆಮನೆಯಲ್ಲಿ ಕಾದಾಡಿ ಸತ್ತ ನಗರವಾಸಿಗಳ ನೋವನ್ನು ವೇಗವಾಗಿ ದಾಟಿಬಿಡುತ್ತಾನೆ. ಮನಸ್ಸಾಕ್ಷಿಯ ದೀಪ ಹೊತ್ತಿದ್ದು ನಿಜ, ಆದರೆ ಅದರ ಬೆಳಕಿನಲ್ಲಿ ಅವನು ಬಹಳ ಹೊತ್ತು ನಿಲ್ಲಲಿಲ್ಲ. ಆದರೂ ಅವನ ಕಾಲದ ವೀರರ ಸ್ಮೃತಿಗ್ರಂಥಗಳಲ್ಲಿ ಇಷ್ಟು ನೇರವಾದ ಒಪ್ಪಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಎಲ್ಲವೂ ಬೊಗಳೆಯೆಂದು ಗ್ರಂಥವನ್ನು ಮುಚ್ಚಿಟ್ಟವರು ಕಳೆದುಕೊಳ್ಳುವುದು ಈ ಪುಟವನ್ನು.

ರಷ್ಯದ ದಂಡಯಾತ್ರೆಯಲ್ಲಿ ಅವನು 23ನೆಯ ಅಶ್ವದಳದ ನಾಯಕ. ಇಲ್ಲಿ ಬರೆಯುವವನು ಸಾಹಸಿಯಲ್ಲ, ಯಜಮಾನ. ಚಳಿ ಬರುವ ಮೊದಲೇ ತನ್ನ ಸವಾರರಿಗೆ ಕುರಿಚರ್ಮದ ಅಂಗಿಗಳನ್ನು ಹೊಂದಿಸಿದ್ದನ್ನು ಅವನು ಯಾವ ಪದಕಕ್ಕಿಂತಲೂ ಹೆಚ್ಚಿನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. 1812ರ ನವೆಂಬರಿನಲ್ಲಿ ಬೆರೆಜಿನಾ ನದಿಯ ಬಳಿ ರಾತ್ರಿಯಿಡೀ ಸೇತುವೆಗಳು ಖಾಲಿಯಿದ್ದವು, ನದಿಯಾಚೆ ಸಾವಿರಾರು ನಿರಾಶ್ರಿತರು ಬೆಂಕಿ ಕಾಯಿಸುತ್ತ ಕುಳಿತಿದ್ದರು, ಅವರನ್ನು ಎಬ್ಬಿಸಿ ದಾಟಿಸುವ ವ್ಯವಸ್ಥೆಯನ್ನು ಯಾರೂ ಮಾಡಲಿಲ್ಲ, ಬೆಳಗಾದ ಮೇಲೆ ನೂಕುನುಗ್ಗಲಿನಲ್ಲಿ ಸತ್ತರು ಎಂದು ಅವನು ಆಕ್ರೋಶದಿಂದ ಬರೆಯುತ್ತಾನೆ. ಆ ದುರಂತಕ್ಕೆ ಚಳಿಯನ್ನೂ ಶತ್ರುವನ್ನೂ ದೂರುವುದು ವಾಡಿಕೆ; ಮಾರ್ಬೋ ದೂರುವುದು ಸೈನ್ಯದ ಮುಖ್ಯ ಕಚೇರಿಯವರ ಅಲಕ್ಷ್ಯವನ್ನು. ಗ್ರಂಥದ ಅತ್ಯಂತ ಪ್ರಬುದ್ಧ ಪುಟಗಳಿವು.

ವಾಟರ್ಲೂ ಬಗ್ಗೆ ಬಹಳ ನಿರೀಕ್ಷೆಯಿಂದ ಓದುವವರಿಗೆ ನಿರಾಶೆ ಕಾದಿದೆ. 7ನೆಯ ಹುಸಾರ್ ದಳದೊಡನೆ ಸೈನ್ಯದ ಬಲತುದಿಯಲ್ಲಿ ಗ್ರೂಷಿಯ ದಾರಿ ಕಾಯುತ್ತಿದ್ದ ಅವನೆದುರಿಗೆ ಬಂದವರು ಪ್ರಷ್ಯನ್ನರು. ಇದನ್ನು ತಿಳಿಸುವ ಪತ್ರಗಳಷ್ಟೇ ಕೊನೆಯಲ್ಲಿವೆ, ಅವುಗಳ ವಿವರಗಳಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಕಥನ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಅವನು 39 ವರ್ಷ ಬದುಕಿದನು. 1840ರಲ್ಲಿ, ಅರಸನ ಹಿರಿಯ ಮಗನೊಡನೆ, ಅಲ್ಜೀರಿಯಾದಲ್ಲಿ ಅಬ್ದುಲ್ ಕಾದಿರನ ಜನರ ವಿರುದ್ಧ ನಡೆದ ಮೆದೆಯಾ ದಂಡಯಾತ್ರೆಯಲ್ಲಿ ಮತ್ತೊಮ್ಮೆ ಗಾಯಗೊಂಡನು. ಅಲ್ಲಿಯ ಜನರೂ ಪರಕೀಯರನ್ನು ಹೊರಗಟ್ಟಲು ಹೊರಟವರೇ. ಮದ್ರಿದಿನಲ್ಲಿ ನುಡಿದ ಮನಸ್ಸಾಕ್ಷಿ ಅಲ್ಜೀರಿಯಾದಲ್ಲಿ ಏನೆಂದಿತೋ ಓದುಗನಿಗೆ ತಿಳಿಯದು, ಆ ಬಗ್ಗೆ ಗ್ರಂಥದಲ್ಲಿ ಅಧ್ಯಾಯವಿಲ್ಲ. ವಸಾಹತುಶಾಹಿಯ ಕೆಳಗೆ ಬಾಳಿದ ನಮ್ಮಂಥವರಿಗೆ ಈ ಮೌನ ಗ್ರಂಥದ ಎಷ್ಟೋ ಫಿರಂಗಿಗಳಿಗಿಂತ ಗಟ್ಟಿಯಾಗಿ ಕೇಳಿಸುತ್ತದೆ.

ನಮ್ಮ ಸಂಘದ ಹಿರಿಯರು ಹಲವರು ಈಗ ತಮ್ಮ ಜೀವನವೃತ್ತಾಂತವನ್ನು ಮಕ್ಕಳು ಮೊಮ್ಮಕ್ಕಳಿಗಾಗಿ ಬರೆದಿಡುತ್ತಿದ್ದಾರೆ. ಇಂತಹ ಸಂಚಿಕೆಗಳಲ್ಲಿ ಅವುಗಳ ತುಣುಕುಗಳು ಬರುತ್ತಲೂ ಇವೆ. ಅವರಲ್ಲಿ ಇಂಗ್ಲಿಷ್ ಬಲ್ಲವರು ಬಟ್ಲರ್ ಅನುವಾದವನ್ನು ಹುಡುಕಿ ಓದುವುದು ಒಳ್ಳೆಯದು. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಕನ್ನಡಕ್ಕೆ ತರಲೂ ಅಡ್ಡಿಯಿಲ್ಲ. ಮೂರು ಸಂಪುಟಗಳನ್ನೂ ತರುವ ಅಗತ್ಯ ನನಗೆ ಕಾಣದು. ಬಾಲ್ಯ ಮತ್ತು ಜಿನೋವಾ, ಐಲಾವ್, ಲಾನ್‌ನ ಮರಣ, ಬೆರೆಜಿನಾ ಇಷ್ಟಿದ್ದರೆ ಒಂದು ಕೈಹಿಡಿಯ ಪುಸ್ತಕವಾದೀತು. ಮದ್ರಿದ್ ಅಧ್ಯಾಯವನ್ನು ಮಾತ್ರ ಒಂದು ಸಾಲನ್ನೂ ಬಿಡದೆ ತರಬೇಕು.